ಸ್ಮೂಥಿ: ಲೋಟದೊಳಗೆ ಏನಿದೆ, ನೋಡಿದ್ದೀರಾ?

ಬೆಳಿಗ್ಗೆ ಆರೂವರೆ. ದೋಸೆ ಹಿಟ್ಟು ಉಬ್ಬಿಲ್ಲ, ಮಗಳ ಸ್ಕೂಲ್ ವ್ಯಾನ್ ಏಳೂಕಾಲಿಗೆ ಗೇಟಿನ ಮುಂದೆ ಬಂದು ಹಾರ್ನ್ ಹೊಡೆಯುತ್ತೆ, ನಮ್ಮನೆಯವರ ಡಬ್ಬಿ ಇನ್ನೂ ಆಗಿಲ್ಲ. ಇಂಥ ಹೊತ್ತಲ್ಲಿ 'ಎರಡು ಬಾಳೆಹಣ್ಣು, ಒಂದು ಲೋಟ ಹಾಲು, ನಾಲ್ಕು ಖರ್ಜೂರ ಮಿಕ್ಸಿಗೆ ಹಾಕಿ ಗುರ್ರ್ ಅನ್ನಿಸಿ, ತಿಂಡಿ ಮುಗೀತು' ಅಂತ ಯಾರಾದರೂ ಹೇಳಿಕೊಟ್ಟರೆ ನಿಮಗೆ ಹೇಗನ್ನಿಸುತ್ತೆ? ನನಗಂತೂ ಕೇಳದೇ ವರ ಸಿಕ್ಕ ಹಾಗಾಗಿತ್ತು!

ಹೇಳಿಕೊಟ್ಟವಳು ಬೆಂಗಳೂರಿನಲ್ಲಿರುವ ನನ್ನ ನಾದಿನಿ. ದಸರಾ ರಜೆಗೆ ಶಿವಮೊಗ್ಗಕ್ಕೆ ಬಂದವಳು ನಮ್ಮ ಅಡುಗೆಮನೆಯಲ್ಲೇ ಮಾಡಿ ತೋರಿಸಿದಳು. "ಇದಕ್ಕೆ ಸ್ಮೂಥಿ ಅಂತಾರೆ ಅತ್ತಿಗೆ. ಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಬರೀ ಹಣ್ಣು. ಅಮ್ಮನಿಗೂ ಒಳ್ಳೇದು" ಅಂದಳು. ಮಗಳು ಒಂದೇ ಉಸಿರಿಗೆ ಕುಡಿದು ಮೀಸೆ ಒರೆಸಿಕೊಂಡಳು. ಅತ್ತೆ ಮಾತ್ರ ಲೋಟದೊಳಗೆ ಇಣುಕಿ ನೋಡಿ, "ಎಂಥ ಮಾರಾಯ್ತಿ ಇದು, ಲೊಳಲೊಟ್ಟೆ!" ಅಂದರು. ಆ ಹೆಸರು ನಮ್ಮನೆಯಲ್ಲಿ ಇವತ್ತಿಗೂ ಉಳಿದುಕೊಂಡಿದೆ.

ಅತ್ತೆಗೆ ಹನ್ನೆರಡು ವರ್ಷದಿಂದ ಶುಗರ್ ಇದೆ. ಬೆಳಿಗ್ಗೆ ಎರಡು ಅಕ್ಕಿ ರೊಟ್ಟಿ, ಚಟ್ನಿ ಅವರ ಅಭ್ಯಾಸ. ಅಕ್ಕಿ ಬೇಡ, ಹಣ್ಣು ಒಳ್ಳೆಯದು ಅಂತ ನಾನೇ ಹಟ ಮಾಡಿ ರೊಟ್ಟಿ ಬಿಡಿಸಿದೆ. ಅದರ ಬದಲು ದಿನಾ ಒಂದು ದೊಡ್ಡ ಗಾಜಿನ ಲೋಟದ ತುಂಬ ಸ್ಮೂಥಿ. ರುಚಿಗೆ ಒಂದು ದೊಡ್ಡ ಚಮಚ ಜೇನುತುಪ್ಪ ಬೇರೆ. ಅವರಿಗೆ ಇಷ್ಟವಿರಲಿಲ್ಲ. ಆದರೆ ಸೊಸೆ ಕಷ್ಟಪಟ್ಟು ಮಾಡ್ತಾಳೆ ಅಂತ ಕುಡೀತಿದ್ದರು. ಅದೇ ಹೊತ್ತಿಗೆ ಅವರು ಕಾಫಿಗೆ ಅರ್ಧ ಚಮಚ ಸಕ್ಕರೆ ಕೇಳಿದರೆ ನಾನು ಕಣ್ಣು ಬಿಡ್ತಿದ್ದೆ!

ಮೂರು ತಿಂಗಳಾದ ಮೇಲೆ ರಕ್ತ ಪರೀಕ್ಷೆಗೆ ಹೋದೆವು. ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಅನ್ನುವ ಪರೀಕ್ಷೆ ಇದೆಯಲ್ಲ, ಅದು 7.2 ಇದ್ದದ್ದು 8.6 ಆಗಿತ್ತು. ಡಾಕ್ಟ್ರು ಮಾತ್ರೆ ತಪ್ಪಿಸಿದ್ರಾ ಅಂತ ಕೇಳಿದರು. ಇಲ್ಲ. ಸಿಹಿ ತಿಂಡಿ? ಇಲ್ಲ. ಬೆಳಿಗ್ಗೆ ಏನು ತಗೋತೀರಿ? ನಾನು ಹೆಮ್ಮೆಯಿಂದ ಹೇಳಿದೆ. ಅವರು ಚೀಟಿಯ ಹಿಂಬದಿಯಲ್ಲಿ ಲೆಕ್ಕ ಬರೆದರು. ಎರಡು ಬಾಳೆಹಣ್ಣಿನಲ್ಲಿ ಸುಮಾರು 28 ಗ್ರಾಂ ಸಕ್ಕರೆ, ನಾಲ್ಕು ಸಣ್ಣ ಖರ್ಜೂರದಲ್ಲಿ 18, ದೊಡ್ಡ ಚಮಚ ಜೇನಿನಲ್ಲಿ 17, ಒಂದು ಲೋಟ ಹಾಲಿನಲ್ಲಿ ಸಹಜವಾಗಿಯೇ ಇರುವುದು 12. ಒಟ್ಟು 75 ಗ್ರಾಂ. ಕಾಫಿ ಚಮಚಕ್ಕೆ ನಾಲ್ಕು ಗ್ರಾಂ ಅಂತ ಹಿಡಿದರೆ ಹದಿನೆಂಟು ಚಮಚಕ್ಕೂ ಮೇಲೆ!

ದಾರಿಯುದ್ದಕ್ಕೂ ಆಟೋದಲ್ಲಿ ನಾನು ಮಾತಾಡಲಿಲ್ಲ. ಅತ್ತೆಯೇ, "ಹೋಗ್ಲಿ ಬಿಡು, ನೀನು ವಿಷ ಏನೂ ಹಾಕ್ಲಿಲ್ವಲ್ಲ" ಅಂದರು. ಆ ಮಾತಿಗೆ ಇನ್ನೂ ಸಂಕಟವಾಯಿತು.

ಹಾಗಂತ ಈ ಲೇಖನ ಸ್ಮೂಥಿಯನ್ನು ಬೈಯುವುದಕ್ಕೆ ಅಲ್ಲ. ನಮ್ಮನೆಯಲ್ಲಿ ಈಗಲೂ ಮಾಡ್ತೀನಿ. ಆದರೆ ಈ ಪಾನೀಯ ಎಲ್ಲಿಂದ ಬಂತು, ಯಾರು ಯಾತಕ್ಕೆ ಶುರು ಮಾಡಿದರು, ಅದರೊಳಗೆ ಏನೇನು ಬೀಳುತ್ತೆ ಅಂತ ಆವತ್ತಿನಿಂದ ಕೂತು ಓದಿದೆ. ಓದುತ್ತಾ ಹೋದಂತೆ ನಾನು ಎಡವಿದ್ದು ಎಲ್ಲಿ ಅಂತ ತಿಳೀತು.

ಮಿಕ್ಸಿ ಮೊದಲು, ಸ್ಮೂಥಿ ಆಮೇಲೆ

ಸ್ಮೂಥಿ ಅಂದರೆ ನುಣುಪಾದದ್ದು ಅಂತ ತಾನೇ? ಹಣ್ಣನ್ನು ನಾರು ಸಮೇತ ನುಣ್ಣಗೆ ಮಾಡಬೇಕಾದರೆ ಯಂತ್ರ ಬೇಕು. ಹಾಗಾಗಿ ಕಥೆ ಶುರುವಾಗುವುದು ಹಣ್ಣಿನ ತೋಟದಿಂದಲ್ಲ, ಯಂತ್ರದಿಂದ. ಅದೂ ನಮಗೆಲ್ಲ ಗೊತ್ತಿರುವ ಹಾರ್ಲಿಕ್ಸ್ ಊರಿನಿಂದ!

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ರಸೀನ್ ಅನ್ನುವ ಊರಿದೆ. ಇಂಗ್ಲೆಂಡಿನಿಂದ ಹೋದ ಹಾರ್ಲಿಕ್ ಸಹೋದರರು 1873ರಲ್ಲಿ ಷಿಕಾಗೋದಲ್ಲಿ ಶುರು ಮಾಡಿದ ಉದ್ಯಮ ಆಮೇಲೆ ನೆಲೆಯೂರಿದ್ದು ಅಲ್ಲೇ. ಹಾಲಿಗೆ ಮಾಲ್ಟ್ ಪುಡಿ ಬೆರೆಸಿದ ಪಾನೀಯ ಅಲ್ಲಿನ ಸೋಡಾ ಅಂಗಡಿಗಳಲ್ಲಿ ಬಹಳ ಓಡುತ್ತಿತ್ತು. ಅದನ್ನು ಗಂಟಿಲ್ಲದೆ ಬೆರೆಸಲು ಅದೇ ಊರಿನ ಸ್ಟೀಫನ್ ಪೊಪ್ಲಾವ್ಸ್ಕಿ ಎಂಬಾತ 1922ರಲ್ಲಿ ಒಂದು ಉಪಾಯ ಮಾಡಿದ. ಅಲ್ಲಿಯವರೆಗೆ ಕಡೆಯುವ ಕಡ್ಡಿ ಮೇಲಿನಿಂದ ಇಳಿಯುತ್ತಿತ್ತು, ನಾವು ಮಜ್ಜಿಗೆ ಕಡೆಯುವ ಹಾಗೆ. ಈತ ತಿರುಗುವ ಬ್ಲೇಡನ್ನು ಪಾತ್ರೆಯ ತಳದಲ್ಲಿ ಇಟ್ಟ. ಇವತ್ತು ನಿಮ್ಮನೆ ಮಿಕ್ಸಿ ಜಾರಿನ ತಳ ನೋಡಿ, ಅದೇ ಉಪಾಯ.

ಆಮೇಲೆ ಈ ಯಂತ್ರವನ್ನು ಊರೂರಿಗೆ ಮುಟ್ಟಿಸಿದವರು ಒಬ್ಬ ಬ್ಯಾಂಡ್ ವಾದ್ಯಗೋಷ್ಠಿಯ ಯಜಮಾನರು ಅಂದರೆ ನಂಬ್ತೀರಾ? ಫ್ರೆಡ್ ವೇರಿಂಗ್ ಅಂತ ಅವರ ಹೆಸರು. ಫ್ರೆಡರಿಕ್ ಒಸಿಯಸ್ ಎಂಬ ಸಂಶೋಧಕ ತನ್ನ ಹೊಸ ಬ್ಲೆಂಡರನ್ನು ಹೊತ್ತುಕೊಂಡು ಬಂದು ವೇರಿಂಗ್ ಬಳಿ ದುಡ್ಡು ಕೇಳಿದ. ಅವರು ಕೊಟ್ಟರು. 1937ರಲ್ಲಿ ಷಿಕಾಗೋದ ಹೋಟೆಲ್ ಉದ್ಯಮದ ಮೇಳದಲ್ಲಿ ಅದು ಹೊರಬಂತು. ಪೋಲಿಯೋ ಲಸಿಕೆ ಕಂಡುಹಿಡಿದ ಡಾ. ಜೋನಾಸ್ ಸಾಕ್ ಅವರ ಪ್ರಯೋಗಾಲಯದಲ್ಲೂ ಇದೇ ಬ್ಲೆಂಡರ್ ಕೆಲಸ ಮಾಡಿತಂತೆ. ಮಿಕ್ಸಿಯ ಬಗ್ಗೆ ಇನ್ನು ಮೇಲೆ ಸ್ವಲ್ಪ ಗೌರವ ಇರಲಿ! 1940ರ ದಶಕದಲ್ಲಿ ಈ ಬ್ಲೆಂಡರಿನ ಜೊತೆ ಬಂದ ಅಡುಗೆ ಪುಸ್ತಕಗಳಲ್ಲೇ ಬಾಳೆಹಣ್ಣಿನ ಸ್ಮೂಥಿ, ಅನಾನಸ್ ಸ್ಮೂಥಿ ಅನ್ನುವ ಹೆಸರುಗಳು ಇದ್ದವು. ಮನೆಮನೆಗೆ ಫ್ರಿಜ್ ಬಂದಮೇಲೆ ಹಣ್ಣನ್ನು ತಣ್ಣಗೆ, ಗಟ್ಟಿಯಾಗಿ ಇಡುವುದೂ ಸುಲಭವಾಯಿತು.

ನನ್ನನ್ನು ತುಂಬ ಯೋಚನೆಗೆ ಹಚ್ಚಿದ್ದು ಮಾತ್ರ ಬೇರೆ ಇಬ್ಬರ ಕಥೆ. ಒಂದು, ಲಾಸ್ ಏಂಜಲೀಸಿನಲ್ಲಿ ಜೂಲಿಯಸ್ ಫ್ರೀಡ್ 1926ರಲ್ಲಿ ತೆರೆದ ಕಿತ್ತಳೆ ರಸದ ಅಂಗಡಿಯದು. ಅವರಿಗೆ ಅಂಗಡಿಯ ಜಾಗ ಕೊಡಿಸಿದ ಬಿಲ್ ಹ್ಯಾಮ್ಲಿನ್‌ಗೆ ಕಿತ್ತಳೆ ಹುಳಿ ಹೊಟ್ಟೆಗೆ ಆಗುತ್ತಿರಲಿಲ್ಲವಂತೆ. ಹುಳಿ ಮೆತ್ತಗಾಗಲಿ ಅಂತ ಅವರೇ ಒಂದಿಷ್ಟು ಪದಾರ್ಥ ಬೆರೆಸಿ ನೊರೆ ನೊರೆಯಾದ ಪಾನೀಯ ಮಾಡಿದರು. ಅದೇ ಮುಂದೆ 'ಆರೆಂಜ್ ಜೂಲಿಯಸ್' ಅಂತ ಹೆಸರಾಯಿತು.

ಇನ್ನೊಂದು, ಲೂಸಿಯಾನಾ ರಾಜ್ಯದ ಸ್ಟೀವ್ ಕೂನಾವ್ ಅವರದು. ಹುಡುಗನಾಗಿದ್ದಾಗ ಐಸ್‌ಕ್ರೀಮ್ ಸೋಡಾ ಅಂಗಡಿಯಲ್ಲಿ ಕೆಲಸ. ಆದರೆ ಅವರಿಗೆ ಹಾಲು ಒಗ್ಗುತ್ತಿರಲಿಲ್ಲ, ಅಲರ್ಜಿಗಳ ಕಾಟ ಬೇರೆ. ಎಲ್ಲರಿಗೂ ಮಿಲ್ಕ್ ಶೇಕ್ ಮಾಡಿಕೊಟ್ಟು ತಾನು ಬಾಯಿ ಚಪ್ಪರಿಸುವುದು ಎಂಥ ಪಾಡು ಹೇಳಿ! ಮನೆಯಲ್ಲಿ ಹಣ್ಣು, ಐಸು, ಪ್ರೊಟೀನ್ ಪುಡಿ ಸೇರಿಸಿ ತನ್ನ ಮೈಗೆ ಯಾವುದು ಹಿಡಿಸುತ್ತೆ ಅಂತ ಒಂದೊಂದಾಗಿ ನೋಡುತ್ತಾ ಹೋದರು. 1973ರಲ್ಲಿ ನ್ಯೂ ಆರ್ಲಿಯನ್ಸ್ ಹತ್ತಿರ ಅವರು ತೆರೆದ ಆರೋಗ್ಯ ಆಹಾರದ ಅಂಗಡಿಯೇ 'ಸ್ಮೂಥಿ ಕಿಂಗ್' ಎಂಬ ದೊಡ್ಡ ಸರಪಳಿಯಾಗಿ ಬೆಳೆಯಿತು.

ನೋಡಿ, ಇಬ್ಬರೂ ಮೊದಲು ಕೇಳಿದ್ದು 'ನನ್ನ ದೇಹಕ್ಕೆ ಯಾವುದು ಆಗಲ್ಲ' ಅಂತ. ಅದನ್ನು ಬಿಟ್ಟು, ಆಗುವುದನ್ನು ಹಾಕಿದರು. ನಾನು ಮಾಡಿದ್ದೇನು? ಜಿಮ್ಮಿಗೆ ಹೋಗಿ ಬೆವರಿಳಿಸುವ ಇಪ್ಪತ್ತೆಂಟು ವರ್ಷದ ನಾದಿನಿಯ ಲೋಟವನ್ನು ಎಪ್ಪತ್ತರ ಅತ್ತೆಯ ಕೈಗೆ ಕೊಟ್ಟೆ.

ನಮ್ಮ ರಸಾಯನ ಯಾಕೆ ಬಟ್ಟಲಿನಲ್ಲಿ?

"ಇದೇನು ಹೊಸದು, ನಮ್ಮ ರಸಾಯನ ಅಲ್ವಾ?" ಅಂತ ನೀವು ಕೇಳಬಹುದು. ಅತ್ತೆಯೂ ಕೇಳಿದರು. ಮಾವಿನಹಣ್ಣು ಅಥವಾ ಬಾಳೆಹಣ್ಣು ಕಿವುಚಿ ಕಾಯಿಹಾಲು, ಬೆಲ್ಲ, ಏಲಕ್ಕಿ ಹಾಕಿದರೆ ಮಲೆನಾಡು, ಕರಾವಳಿಯ ರಸಾಯನ. ಹಾಲು, ಸಕ್ಕರೆ ಹಾಕಿದರೆ ಸೀಕರಣೆ. ರಾಮನವಮಿಗೆ ಬೇಲದ ಹಣ್ಣಿನ ಪಾನಕ, ಕರಬೂಜದ ಪಾನಕ. ಬ್ರೆಜಿಲ್ ದೇಶದವರು ಹಾಲಿಗೆ ಹಣ್ಣು ಅರೆದು 'ವಿಟಮಿನಾ' ಅಂತ ಕುಡೀತಾರೆ. ಬೆಣ್ಣೆಹಣ್ಣನ್ನೂ ಹಾಗೇ ಮಾಡ್ತಾರೆ, ಬೆಂಗಳೂರಿನ ಜ್ಯೂಸ್ ಅಂಗಡಿಯ ಬಟರ್ ಫ್ರೂಟ್ ಮಿಲ್ಕ್ ಶೇಕ್ ತರಹವೇ. ಹಣ್ಣು ಹಾಲು ಬೆರೆಸುವುದು ಯಾರೊಬ್ಬರ ಸ್ವತ್ತೂ ಅಲ್ಲ ಬಿಡಿ.

ಆದರೆ ಒಂದು ವ್ಯತ್ಯಾಸ ಗಮನಿಸಿ. ರಸಾಯನ ಹಬ್ಬದ ದಿನ, ನೆಂಟರು ಬಂದ ದಿನ ಆಗುತ್ತಿತ್ತು. ಒತ್ತು ಶ್ಯಾವಿಗೆಗೋ ನೀರುದೋಸೆಗೋ ನೆಂಚಿಕೊಳ್ಳಲು ಒಂದು ಸಣ್ಣ ಬಟ್ಟಲು. ಗಾಜಿನ ಲೋಟದ ತುಂಬ ದಿನಾ ಬೆಳಿಗ್ಗೆ ಯಾರೂ ಕುಡಿಯುತ್ತಿರಲಿಲ್ಲ. ಹಾಗಂತ ಅದರಲ್ಲಿ ಸಿಹಿ ಕಡಿಮೆ ಅಂತಲ್ಲ, ಬೆಲ್ಲ ಧಾರಾಳ! ಅಜ್ಜಿ ಮಾಡಿದ್ದೆಲ್ಲ ಆರೋಗ್ಯ ಅನ್ನುವ ಭ್ರಮೆ ನನಗಿಲ್ಲ. ಬಟ್ಟಲು ಚಿಕ್ಕದಿತ್ತು, ಅಷ್ಟೇ.

ಇಲ್ಲಿ ನಮ್ಮ ಮಿಕ್ಸಿಯ ಕಥೆಯನ್ನೂ ಹೇಳಿಬಿಡ್ತೀನಿ. ವಿದೇಶಿ ಬ್ಲೆಂಡರುಗಳು ಮೆತ್ತಗಿನ ಹಣ್ಣು, ಹಾಲಿಗೆ ಸರಿ. ನಮ್ಮ ಕೊಬ್ಬರಿ, ನೆನೆದ ಅಕ್ಕಿ, ಉದ್ದಿನಬೇಳೆ ಹಾಕಿದರೆ ಮೋಟಾರು ಹೊಗೆ ಕಾರುತ್ತಿತ್ತು. ಮುಂಬಯಿಯ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಪತ್ನಿ ಮಾಧುರಿ ಅವರ ವಿದೇಶಿ ಮಿಕ್ಸರ್ ಹೀಗೇ ಕೈಕೊಟ್ಟಿತಂತೆ. ನಮ್ಮ ಅಡುಗೆಗೆ ತಡೆಯುವ ಮೋಟಾರು ಮಾಡಿ ಅಂತ ಹೆಂಡತಿ ಹಟ ಹಿಡಿದದ್ದರಿಂದ 1963ರಲ್ಲಿ ಸುಮೀತ್ ಮಿಕ್ಸಿ ಹುಟ್ಟಿತು. ಹೆಂಡತಿಯ ಹಟ ಎಷ್ಟು ಮನೆಗಳ ರುಬ್ಬುವ ಕಲ್ಲಿಗೆ ರಜೆ ಕೊಟ್ಟಿತು ನೋಡಿ!

ಇಂಥ ಮಿಕ್ಸಿ ಇರುವಾಗ ಸ್ಮೂಥಿಗೆ ಬೇರೆ ಯಂತ್ರ ಕೊಳ್ಳಬೇಕಿಲ್ಲ. ಚಟ್ನಿ ಜಾರು ಅಥವಾ ಹಿಟ್ಟು ರುಬ್ಬುವ ಜಾರೇ ಸಾಕು. ಆದರೆ ಜಾಲರಿ ಇರುವ ಜ್ಯೂಸರ್ ಜಾರು ಬಳಸಬೇಡಿ. ಅದು ನಾರನ್ನೆಲ್ಲ ತಡೆದು ಬರೀ ರಸ ಕೊಡುತ್ತೆ, ನಾರು ಹೋದರೆ ಸ್ಮೂಥಿ ಎಲ್ಲಿಯದು, ಅದು ಜ್ಯೂಸು. ಫ್ರೀಜರಿನಿಂದ ತೆಗೆದ ಹಣ್ಣನ್ನು ಐದು ನಿಮಿಷ ಹೊರಗಿಟ್ಟು ಆಮೇಲೆ ಹಾಕಿ, ಇಲ್ಲದಿದ್ದರೆ ಬ್ಲೇಡಿಗೂ ಮೋಟಾರಿಗೂ ಹೊಡೆತ. ತುಂಬ ಹೊತ್ತು ಓಡಿಸಿದರೆ ಹಣ್ಣು ಬಿಸಿಯಾಗಿ ರುಚಿ ಕೆಡುತ್ತೆ. ನಿಲ್ಲಿಸಿ ನಿಲ್ಲಿಸಿ ಓಡಿಸಿ.

ಅರೆದರೆ ಹಣ್ಣು ಕೆಡುತ್ತಾ?

ನನಗೂ ಇದೇ ಅನುಮಾನ ಇತ್ತು. ಮಿಕ್ಸಿಯೇ ಖಳನಾಯಕ ಅಂದುಕೊಂಡಿದ್ದೆ. ಅದು ಪೂರ್ತಿ ನಿಜವಲ್ಲ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಜನರ ಮೇಲೆ ಪ್ರಯೋಗ ಮಾಡಿ ನೋಡಿದ್ದಾರೆ. ರಾಸ್ಪ್‌ಬೆರಿ, ಪ್ಯಾಷನ್ ಫ್ರೂಟ್ ತರಹದ ಬೀಜವಿರುವ ಹಣ್ಣನ್ನು ಸೇರಿಸಿ ಅರೆದು ಕೊಟ್ಟಾಗ ರಕ್ತದ ಸಕ್ಕರೆ ಇಡೀ ಹಣ್ಣು ತಿಂದಾಗಿಗಿಂತ ಹೆಚ್ಚು ಏರಲಿಲ್ಲ, ಕಡಿಮೆಯೇ ಏರಿತು. ಬೀಜ ಪುಡಿಯಾಗಿ ಅದರ ನಾರು, ಎಣ್ಣೆ ಅಂಶ ಹೊರಬರುವುದು ಕಾರಣ ಇರಬಹುದು ಅನ್ನುತ್ತಾರೆ. ಆದರೆ ಅವರಿಗೆ ಜೇನು, ಖರ್ಜೂರ ಹಾಕಿ ಕೊಟ್ಟಿರಲಿಲ್ಲ. ಕುಡಿದವರು ಸಕ್ಕರೆ ಕಾಯಿಲೆಯವರೂ ಅಲ್ಲ.

ತೊಂದರೆ ಇರುವುದು ಪ್ರಮಾಣದಲ್ಲಿ. ಎರಡು ಬಾಳೆಹಣ್ಣು, ನಾಲ್ಕು ಖರ್ಜೂರ, ಒಂದು ಚಮಚ ಜೇನು, ಒಂದು ಲೋಟ ಹಾಲನ್ನು ಎದುರಿಗಿಟ್ಟುಕೊಂಡು ಅಗಿದು ತಿನ್ನಿ ನೋಡೋಣ. ಎರಡನೇ ಬಾಳೆಹಣ್ಣಿಗೆ ಸಾಕಪ್ಪ ಅನ್ನಿಸುತ್ತೆ. ಲೋಟದಲ್ಲಾದರೆ ಎರಡು ನಿಮಿಷ! ಅಗಿಯುವ ಕೆಲಸವೇ ಇಲ್ಲದಿದ್ದಾಗ ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ತಡವಾಗಿ ಮುಟ್ಟುತ್ತೆ. ಅತ್ತೆ ಹತ್ತೂವರೆಗೇ ಹಸಿವು ಅಂತ ಎರಡು ಚಕ್ಕುಲಿ ಹುಡುಕುತ್ತಿದ್ದದ್ದು ಯಾಕೆ ಅಂತ ಆಮೇಲೆ ಗೊತ್ತಾಯಿತು ನನಗೆ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ಮೇಲಿನಿಂದ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಇವೆಲ್ಲ ಸೇರಿ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು. ಇಡೀ ಹಣ್ಣಿನ, ಹಾಲಿನ ಸಹಜ ಸಕ್ಕರೆ ಈ ಲೆಕ್ಕಕ್ಕಿಲ್ಲ. ಬ್ರಿಟನ್ನಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಣ್ಣನ್ನು ಅರೆದು ಸ್ಮೂಥಿ ಮಾಡಿದ ಮೇಲೆ ಅದರ ಸಕ್ಕರೆಯನ್ನೂ ಇದೇ ಲೆಕ್ಕಕ್ಕೆ ಹಿಡಿಯುತ್ತಾರೆ. ಜ್ಯೂಸು, ಸ್ಮೂಥಿ ಎರಡೂ ಸೇರಿ ದಿನಕ್ಕೆ 150 ಮಿಲಿ ಲೀಟರ್ ಸಾಕು ಅನ್ನುವುದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಸಲಹೆ. ಅಳತೆ ಮಾಡಿ ನೋಡಿದೆ, ಅದು ನಮ್ಮನೆ ಸ್ಟೀಲಿನ ಕಾಫಿ ಲೋಟ. ನಾನು ಕೊಡುತ್ತಿದ್ದ ಗಾಜಿನ ಲೋಟ 350 ಹಿಡಿಯುತ್ತೆ!

ಮೊದಲು ಆ ಗಾಜಿನ ಲೋಟಗಳನ್ನು ಮೇಲಿನ ಶೆಲ್ಫಿಗೆ ಏರಿಸಿದೆ.

ಜಾರಿಗೆ ಏನು ಹಾಕ್ತೀರಿ?

ಹಣ್ಣು ಯಾವುದಾದರೂ ಸರಿ, ಆದರೆ ಗುಣ ಗೊತ್ತಿರಬೇಕು. ಬಾಳೆಹಣ್ಣು ಸ್ಮೂಥಿಗೆ ಮೈ ಕೊಡುತ್ತೆ. ಹೋಳು ಮಾಡಿ ಫ್ರೀಜರಿನಲ್ಲಿಟ್ಟು ಅರೆದರೆ ಐಸ್‌ಕ್ರೀಮ್ ಹಾಗೆ ಗಟ್ಟಿ, ಕೆನೆ ಕೆನೆ. ಐಸೂ ಬೇಡ, ಸಕ್ಕರೆಯೂ ಬೇಡ. ಚುಕ್ಕೆ ಬಿದ್ದ ಕಳಿತ ಹಣ್ಣಿನ ಸಿಹಿಯೇ ಸಾಕು. ಆದರೆ ದುಬಾರಿ ದುಡ್ಡು ಕೊಟ್ಟು ತಂದ ಬ್ಲೂಬೆರಿಯ ಜೊತೆ ಮಾತ್ರ ಬಾಳೆಹಣ್ಣು ಬೇಡ. ಹೆಚ್ಚಿಟ್ಟ ಬಾಳೆಹಣ್ಣು ಕಪ್ಪಾಗುತ್ತಲ್ಲ, ಆ ಕೆಲಸ ಮಾಡುವ ಕಿಣ್ವವೇ ಬೆರಿಗಳ ಫ್ಲೇವನಾಲ್ ಅನ್ನುವ ಒಳ್ಳೆಯ ಅಂಶವನ್ನೂ ಹಾಳುಮಾಡುತ್ತೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ನೋಡಿದಾಗ, ಬಾಳೆಹಣ್ಣಿನ ಸ್ಮೂಥಿ ಕುಡಿದವರ ರಕ್ತದಲ್ಲಿ ಈ ಅಂಶ 84 ಶೇಕಡಾ ಕಡಿಮೆ ಸಿಕ್ಕಿತ್ತು. ಬಾಳೆಹಣ್ಣು ಕೆಟ್ಟದ್ದು ಅಂತಲ್ಲ, ಜೋಡಿ ಸರಿಯಿಲ್ಲ.

ಇನ್ನು ಅನಾನಸ್. ಒಂದು ದಿನ ಅನಾನಸ್, ಹಾಲು ಅರೆದು ಅರ್ಧ ಕುಡಿದು, ಉಳಿದದ್ದನ್ನು ಮಗಳಿಗೆ ಸಂಜೆಗೆ ಅಂತ ಫ್ರಿಜ್ಜಿನಲ್ಲಿಟ್ಟೆ. ಸಂಜೆ ಬಾಯಿಗಿಟ್ಟವಳು ಓಡಿಹೋಗಿ ಸಿಂಕಿಗೆ ಉಗಿದಳು. ಬೇವಿನ ಕಹಿ! ಹಾಲು ಕೆಟ್ಟಿದೆ ಅಂತ ಹಾಲಿನವನಿಗೆ ಬೈದೆ, ಪಾಪ. ಹಸಿ ಅನಾನಸ್ಸಿನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಹಾಲಿನ ಪ್ರೊಟೀನನ್ನು ತುಂಡು ಮಾಡಿದಾಗ ಕಹಿ ಬರುತ್ತೆ. ಕಿವಿ ಹಣ್ಣು, ಪಪ್ಪಾಯಿಯದ್ದೂ ಇದೇ ಬುದ್ಧಿ. ಇವುಗಳನ್ನು ಹಾಲು ಮೊಸರಿನ ಜೊತೆ ಅರೆದರೆ ತಕ್ಷಣ ಕುಡಿಯಬೇಕು. ಇಡಬೇಕು ಅಂತಿದ್ದರೆ ಅನಾನಸ್ಸನ್ನು ಒಂದು ಕುದಿ ಬೇಯಿಸಿಕೊಳ್ಳಿ, ಕಿಣ್ವದ ಆಟ ನಿಲ್ಲುತ್ತೆ.

ಹುಳಿ ಹಣ್ಣನ್ನು ಹಾಲಿಗೆ ಹಾಕಬಾರದು ಅಂತ ಅತ್ತೆ ಮೊದಲಿನಿಂದ ಹೇಳ್ತಿದ್ದರು. ಚರಕ ಸಂಹಿತೆಯಲ್ಲೂ ಹುಳಿ ಪದಾರ್ಥ, ಹಾಲು ವಿರುದ್ಧ ಆಹಾರ ಅಂತಿದೆ. ಅದರ ಒಳಿತು ಕೆಡುಕು ವೈದ್ಯರಿಗೆ ಬಿಟ್ಟದ್ದು. ಅಡುಗೆಮನೆಯ ಮಟ್ಟಿಗೆ ನಿಜ ಇಷ್ಟು: ಕಿತ್ತಳೆ, ಮೂಸಂಬಿ ಬಿದ್ದರೆ ಹಾಲು ಒಡೆದು ಚೂರು ಚೂರಾಗುತ್ತೆ. ಅಂಥ ಹಣ್ಣಿಗೆ ಮೊಸರೋ, ಬರೀ ನೀರೋ ವಾಸಿ.

ಬೆಣ್ಣೆಹಣ್ಣಿನಲ್ಲಿ ಸಕ್ಕರೆ ಅನ್ನುವುದು ಹೆಸರಿಗೆ ಮಾತ್ರ, 100 ಗ್ರಾಂನಲ್ಲಿ ಒಂದು ಗ್ರಾಂ ಕೂಡ ಇಲ್ಲ. ಅದರಲ್ಲಿರುವುದು ಕೊಬ್ಬು, ನಾರು. ಆದರೆ ಅಂಗಡಿಯವರು ಅದಕ್ಕೆ ಮೂರು ಚಮಚ ಸಕ್ಕರೆ, ಒಂದು ಉಂಡೆ ಐಸ್‌ಕ್ರೀಮ್ ಸೇರಿಸಿದಾಗ ಅದೂ ಎಲ್ಲರ ಸಾಲಿಗೆ ಬಂತು. ಹೊರಗೆ ಕುಡಿಯುವಾಗ "ಸಕ್ಕರೆ ಬೇಡ, ಐಸ್‌ಕ್ರೀಮ್ ಬೇಡ" ಅಂತ ಬಾಯಿಬಿಟ್ಟು ಹೇಳಿ, ಸಂಕೋಚ ಬೇಡ. ಬೆಲ್ಲ, ಜೇನು, ಖರ್ಜೂರದ ಪಾಕ ಇವುಗಳ ಹೆಸರು ಹೇಳಿ ಮೋಸ ಹೋಗಬೇಡಿ. ನಾಲಿಗೆಗೆ ಬೇರೆ ಇರಬಹುದು, ರಕ್ತಕ್ಕೆ ಮುಟ್ಟಿದ ಮೇಲೆ ಅವೂ ಸಕ್ಕರೆಯೇ.

ಮಗಳ ಲೋಟಕ್ಕೆ ಈಗ ನಾನು ಹಾಕುವುದು ಒಂದು ಸಣ್ಣ ಬಾಳೆಹಣ್ಣು, ಮುಕ್ಕಾಲು ಲೋಟ ಹಾಲು, ಎರಡು ಚಮಚ ರಾಗಿ ಹುರಿಹಿಟ್ಟು, ರಾತ್ರಿ ನೆನೆಸಿದ ನಾಲ್ಕು ಬಾದಾಮಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿ ಗ್ರಾಂ ಕ್ಯಾಲ್ಸಿಯಂ ಇರುತ್ತೆ, ಬೆಳೆಯುವ ಹುಡುಗಿಗೆ ಬೇಕಲ್ಲ. ಹುರಿಹಿಟ್ಟು ಹಾಕಿದ ಮೇಲೆ ಅವಳಿಗೆ ಹನ್ನೆರಡರ ತನಕ ಹಸಿವಾಗಲ್ಲ. ಹಸಿ ರಾಗಿ ಹಿಟ್ಟು ಹಾಕೀರಿ ಮತ್ತೆ, ಹೊಟ್ಟೆ ಕೆಡುತ್ತೆ! ಹುರಿಹಿಟ್ಟು ಇಲ್ಲದಿದ್ದರೆ ಹುರಿಗಡಲೆ ಪುಡಿ ಆಗುತ್ತೆ. ಅದರ ಜೊತೆ ಅರ್ಧ ದೋಸೆಯೋ ಒಂದು ಇಡ್ಲಿಯೋ ಅಗಿಯಲಿಕ್ಕೆ ಇರಲೇಬೇಕು ಅಂತ ನಿಯಮ ಮಾಡಿದ್ದೇನೆ.

ಇವರಿಗೆ ಕೊಡುವ ಮುನ್ನ ಯೋಚಿಸಿ

ಒಂದು ವರ್ಷದೊಳಗಿನ ಮಗುವಿಗೆ ಜೇನು ಬೆರೆಸಿದ ಯಾವುದನ್ನೂ ಕೊಡಬೇಡಿ. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲದು.

ಕಿಡ್ನಿ ತೊಂದರೆ ಇರುವವರು ಮನೆಯಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಬಾಳೆಹಣ್ಣು, ಎಳನೀರು, ಕಿತ್ತಳೆಯಲ್ಲಿ ಪೊಟ್ಯಾಸಿಯಂ ಹೆಚ್ಚು. ಸೋತ ಕಿಡ್ನಿಗೆ ಅದನ್ನು ಹೊರಹಾಕಲು ಆಗದು. ಕಮರಾಕ್ಷಿ, ಕರಾವಳಿಯವರು ದಾರೆಹುಳಿ ಅನ್ನುತ್ತಾರಲ್ಲ, ಅದನ್ನಂತೂ ಅವರ ಹತ್ತಿರ ಸುಳಿಸಲೇಬೇಡಿ. ಮಿದುಳಿಗೇ ಪೆಟ್ಟು ಬೀಳಬಹುದು. ಹಸಿರು ಸ್ಮೂಥಿ ಅಂತ ದಿನಾ ಹಸಿ ಪಾಲಕ್ ಅರೆದು ಕುಡಿಯುವವರೂ ಇದ್ದಾರೆ. ಪಾಲಕ್‌ನಲ್ಲಿ ಆಕ್ಸಲೇಟ್ ಜಾಸ್ತಿ. ಹೀಗೆ ಹಸಿರು ಸ್ಮೂಥಿಯನ್ನೇ ನೆಚ್ಚಿಕೊಂಡು ಕಿಡ್ನಿ ಕೆಡಿಸಿಕೊಂಡ ಮಹಿಳೆಯೊಬ್ಬರ ಪ್ರಕರಣವನ್ನು ಅಮೆರಿಕದ ವೈದ್ಯರು 2018ರಲ್ಲಿ ವರದಿ ಮಾಡಿದ್ದಾರೆ. ಅವರಿಗೆ ಹಿಂದೆ ಹೊಟ್ಟೆಯ ಆಪರೇಷನ್ನೂ ಆಗಿತ್ತು, ಎಲ್ಲರಿಗೂ ಹೀಗಾಗುತ್ತೆ ಅಂತಲ್ಲ. ಕಲ್ಲಿನ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ಕೆಲವು ಕೊಲೆಸ್ಟರಾಲ್ ಮಾತ್ರೆ, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಗ್ರೇಪ್‌ಫ್ರೂಟ್ ಆಗದು. ಮಾತ್ರೆ ರಕ್ತದಲ್ಲಿ ಬೇಕಾದ್ದಕ್ಕಿಂತ ಹೆಚ್ಚಿಗೆ ಉಳಿದುಬಿಡುತ್ತೆ. ನಮ್ಮ ಚಕ್ಕೋತವೂ ಅದರ ಬಳಗದ್ದೇ, ಹಾಗಾಗಿ ಅದನ್ನೂ ವಿಚಾರಿಸಿಕೊಳ್ಳಿ.

ಇನ್ನು ಶುಗರ್ ಇರುವವರು. ನಮ್ಮ ಡಾಕ್ಟ್ರು ಹಣ್ಣು ಬಿಡಿ ಅನ್ನಲಿಲ್ಲ. "ಅರೀಬೇಡಿ, ಅಗೀರಿ" ಅಂದರು. ಅರ್ಧ ಪೇರಲೆಹಣ್ಣು, ಒಂದು ಹೋಳು ಪಪ್ಪಾಯಿ, ಅದೂ ಊಟ ತಿಂಡಿಯ ಮಧ್ಯೆ. ತೀರಾ ಆಸೆಯಾದರೆ ಕಾಫಿ ಲೋಟದಲ್ಲಿ, ಸಿಹಿ ಸೇರಿಸದೆ. ಮಾತ್ರೆಯ ಅಳತೆಯನ್ನೂ ಅವರು ಸ್ವಲ್ಪ ಏರಿಸಿದರು. ಅತ್ತೆಗೆ ರೊಟ್ಟಿ ವಾಪಸು ಬಂತು, ಎರಡರ ಬದಲು ಒಂದು, ಅದರ ಜೊತೆ ಬಟ್ಟಲು ತುಂಬ ಪಲ್ಯ. ನಾಲ್ಕು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿದಾಗ 7.4 ಬಂತು. ಮಾತ್ರೆಯ ಕೆಲಸ ಎಷ್ಟು, ರೊಟ್ಟಿಯ ಕೆಲಸ ಎಷ್ಟು ಅಂತ ನಾನು ಹೇಳಲಾರೆ.

ಆದರೂ ಮೊಮ್ಮಗಳು ಲೋಟ ಹಿಡಿದು ಕೂತಾಗ ಅವರಿಗೂ ಒಂದು ಕೊಡಬೇಕು ಅಂತ ನನಗೆ ಆಸೆ. ಮೊನ್ನೆ ಎರಡು ನೆಲ್ಲಿಕಾಯಿ, ಅರ್ಧ ಸೌತೆಕಾಯಿ, ಒಂದು ಚೂರು ಶುಂಠಿ, ಮುಕ್ಕಾಲು ಲೋಟ ಮಜ್ಜಿಗೆ, ಚಿಟಿಕೆ ಉಪ್ಪು ನುಣ್ಣಗೆ ಅರೆದು, ಮೇಲೆ ನೆನೆಸಿದ ಕಾಮಕಸ್ತೂರಿ ಬೀಜ ಒಂದು ಚಮಚ ಉದುರಿಸಿ ಕಾಫಿ ಲೋಟದಲ್ಲಿ ಕೊಟ್ಟೆ. ಶುಗರ್ ಸ್ಮೂಥಿ ಅಂತ ಹೆಸರನ್ನೂ ಇಟ್ಟಿದ್ದೆ. ಅತ್ತೆ ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು.

"ಇದು ನೆಲ್ಲಿಕಾಯಿ ತಂಬುಳಿ ಅಲ್ದಾ? ಕಾಯಿ ಹಾಕೋದು ಮರ್ತಿದ್ದೀಯ. ಒಂದು ಒಗ್ಗರಣೆ ಕೊಡು, ಅನ್ನಕ್ಕಾಗುತ್ತೆ."